ಅಟ್ಟಿಸಿಕೊಂಡು ಓಡಿದವನು

ಮೊಮ್ಮಗ ಬ್ರೋಡಿ ನಮ್ಮೂರ ಫುಟ್‌ಬಾಲ್ ತಂಡದ ಫಾರ್ವರ್ಡ್. ನಮ್ಮ ಕಡೆಯ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದೂ ಓಡಬಹುದು, ಗೋಲುಗಳೂ ರಾಶಿ ಬೀಳುತ್ತವೆ. ಹೋದ ವರ್ಷ ಅರವತ್ತು ಗೋಲು ಹೊಡೆದಿದ್ದ. ಆದರೂ ಸೆಮಿಫೈನಲ್ ಸೋತಾಗ ಕೋಚ್ ರೆಗ್ ಎಲ್ಲರೆದುರು ಬೈದ: "ಗೋಲ್ ಹೊಡ್ದು ದೊರೆ ಥರ ನಿಂತ್ಬಿಟ್ಯಲ್ಲೋ! ನಿನ್ ಎದುರಾಳಿ ಚೆಂಡು ಹಿಡ್ಕೊಂಡು ಓಡಿದ್ರೆ ಅಟ್ಟಿಸ್ಕೊಂಡು ಹೋಗೋರ್ಯಾರು, ನಿಮ್ಮಜ್ಜೀನಾ?"

ಈ ವರ್ಷ ಬ್ರೋಡಿ ಅಟ್ಟಿಸಿಕೊಂಡೇ ಓಡಿದ. ಅವನ ಎದುರಾಳಿಗಳಲ್ಲಿ ಒಬ್ಬನೂ ಗೋಲು ಹೊಡೆಯಲಿಲ್ಲ. ದಣಿದ ಕಾಲಿಗೆ ಹನ್ನೊಂದೇ ಗೋಲು ದಕ್ಕಿದವು.

ಫೈನಲ್‌ಗೆ ಮುಂಚಿನ ಗುರುವಾರ ಸಂಜೆ, ಕ್ಲಬ್ಬಿನಲ್ಲಿ ನಾನು ಆಟಗಾರರಿಗೆ ಸೂಪು ಬಡಿಸುತ್ತಿದ್ದಾಗ, ರೆಗ್ ಫೈನಲ್ ಆಡುವವರ ಪಟ್ಟಿಯನ್ನು ಗೋಡೆಗೆ ಅಂಟಿಸಿದ. ಬ್ರೋಡಿಯ ಹೆಸರಿರಲಿಲ್ಲ.

"ನೀ ಹೇಳಿದ್ದನ್ನೇ ಮಾಡಿದ್ನಲ್ಲೋ," ಎಂದೆ.

"ಹೌದು ಕಣಮ್ಮ. ಆದ್ರೆ ಫಾರ್ವರ್ಡ್ ಅಂದ್ಮೇಲೆ ಗೋಲ್ ಬೇಡ್ವಾ?"

"ಮುಂದಿನ್ ವರ್ಷ ಯಾವ್ದು ಮಾಡ್ಲಿ, ಅದನ್ನಾದ್ರೂ ಕೇಳಜ್ಜಿ," ಎಂದ ಬ್ರೋಡಿ.

ರೆಗ್ ಸೂಪಿಗೆ ಬಟ್ಟಲು ಚಾಚಿದ.