ಕೆರೆಗೆ ಐದು ಅಂಕ

ಇಲಾಖೆಯ ಗುಮಾಸ್ತರು ಅವಳನ್ನು ಐದಮ್ಮ ಎನ್ನುತ್ತಿದ್ದರು, ಬೆನ್ನ ಹಿಂದೆ. ಅವಳಿಗೆ ಅದು ಗೊತ್ತಿತ್ತು, ಬೇಸರವಿರಲಿಲ್ಲ. ಹದಿನಾಲ್ಕು ವರ್ಷ ಒಂದೇ ಕೆರೆಗೆ ಒಂದೇ ಅಂಕ ಕೊಡುತ್ತ ಬಂದವಳನ್ನು ಇನ್ನೇನೆಂದು ಕರೆಯುವುದು?

ನಿಸರ್ಗ ಸೌಂದರ್ಯ ಕಾಪಾಡುವ ಆ ಇಲಾಖೆಯಲ್ಲಿ ಒಂದು ನಮೂನೆಯಿದೆ. ಪಟ್ಟಿಯಲ್ಲಿರುವ ಪ್ರತಿ ಗುಡ್ಡ, ಕೆರೆ, ಜಲಪಾತದ ಚೆಲುವಿಗೂ ಅಲ್ಲಿನ ರಕ್ಷಕರು ವರ್ಷಕ್ಕೊಮ್ಮೆ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಬೇಕು. ಆರು ಮುಟ್ಟಿತೋ, ಇಂಥ ಜಾಗವನ್ನು ಜನ ನೋಡಲೇಬೇಕೆಂದು ವೀಕ್ಷಣಾ ಕಟ್ಟೆ, ಕಾರು ನಿಲ್ಲಿಸುವ ಬಯಲು, ಬಣ್ಣದ ದೀಪ ಬರುತ್ತವೆ. ಐದಕ್ಕಿಂತ ಇಳಿಯಿತೋ, ನೋಡಲು ಏನೂ ಇಲ್ಲವೆಂದು ಪಟ್ಟಿಯಿಂದ ಕಿತ್ತು ಜಲ್ಲಿ ತೆಗೆಯುವವರಿಗೆ ಕೊಡುತ್ತಾರೆ. ಚೆಲುವಾಗಿದ್ದರೂ ಕಷ್ಟ, ಇಲ್ಲದಿದ್ದರೂ ಕಷ್ಟ. ಈ ಪಾಠವನ್ನು ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ.

ಆದರೂ ಐದಮ್ಮ ಒಮ್ಮೆ ಎಡವಿದ್ದಳು. ಕೆಲಸಕ್ಕೆ ಸೇರಿದ ವರ್ಷ, ಪ್ರೀತಿ ಉಕ್ಕಿ, ಒಂಬತ್ತೂವರೆ ಬರೆದುಬಿಟ್ಟಳು. ಆರು ತಿಂಗಳಲ್ಲಿ ದಕ್ಷಿಣದ ದಡಕ್ಕೆ ಕಲ್ಲುಹಾಸು ಬಂತು, ಸೋಡಾ ಅಂಗಡಿ ಬಂತು, ಹೃದಯದ ಆಕಾರದ ಸಿಮೆಂಟು ಬೆಂಚು ಬಂತು. ಆ ದಡದಲ್ಲಿ ಮೊಟ್ಟೆಯಿಡುವ ಟಿಟ್ಟಿಭ ಗೂಡು ಕಟ್ಟುವ ಹಕ್ಕಿಯಲ್ಲ. ಬರೀ ನೆಲದ ಮೇಲೆ, ಕಲ್ಲುಗಳ ನಡುವೆ, ಕಲ್ಲಿನಂಥವೇ ನಾಲ್ಕು ಮೊಟ್ಟೆ ಇಟ್ಟು, ದೇವರಿದ್ದಾನೆ ಎಂದು ಕೂರುತ್ತದೆ. ಆ ವರ್ಷ ದೇವರಿರಲಿಲ್ಲ, ಪ್ರವಾಸಿಗರಿದ್ದರು. ಹಕ್ಕಿಗಳಿಗೆ ಉಳಿದದ್ದು ಉತ್ತರದ ದಡವೊಂದೇ. ಅಂದಿನಿಂದ ಐದು.

ಹಿಂದಿನ ಸಾಹೇಬರುಗಳಿಂದ ತೊಂದರೆ ಇರಲಿಲ್ಲ. ಕುರ್ಚಿ ಬಿಟ್ಟೇಳದೆ ರುಜು ಹಾಕುತ್ತಿದ್ದರು. ಕೆರೆಯನ್ನು ಅರ್ಧ ಕಾಪಾಡಿದ್ದು ಐದಮ್ಮ, ಇನ್ನರ್ಧ ಅವರ ಸೋಮಾರಿತನ. ಈ ವರ್ಷ ಬಂದವರೋ ಪ್ರಾಮಾಣಿಕರು. ತಾವೂ ಕಣ್ಣಾರೆ ನೋಡಿ ಅಂಕ ಕೊಡುವುದಾಗಿಯೂ, ಇಬ್ಬರದನ್ನೂ ಕೂಡಿಸಿ ಅರ್ಧ ಮಾಡುವುದಾಗಿಯೂ ಸುತ್ತೋಲೆ ಹೊರಡಿಸಿ, ಮೊಟ್ಟೆಯ ಕಾಲದಲ್ಲೇ ಬಂದಿಳಿದರು.

ಐದಮ್ಮ ಅವರನ್ನು ಉರಿಬಿಸಿಲಿನಲ್ಲಿ, ಮುಳ್ಳುಗಂಟಿಯ ದಾರಿಯಲ್ಲಿ ಕರೆದೊಯ್ದಳು.

“ಇಲ್ಲಿ ಜಿಗಣೆ ಇದ್ಯಾ?” ಎಂದರು ಸಾಹೇಬರು, ಕೆಸರಿನಿಂದ ಬೂಟು ಕಿತ್ತುಕೊಳ್ಳುತ್ತ.

“ಇದೆ ಸಾರ್. ಹಾವೂ ಇದೆ. ಅದರ ಸ್ವಭಾವ ಅಷ್ಟು ಒಳ್ಳೇದಲ್ಲ.”

“ವಾಸನೆ?”

“ಇವತ್ತು ಕಮ್ಮಿ. ನೀವು ಬರ್ತೀರಂತ ಇರ್ಬೇಕು.”

ಎಲ್ಲ ಸುಸೂತ್ರವಾಗಿ ನಡೆದಿತ್ತು. ಕೆರೆಗೇ ಬುದ್ಧಿ ಸಾಲದು. ದಡ ಮುಟ್ಟುವಷ್ಟರಲ್ಲಿ ಮೋಡವೊಂದು ಬಂದು ಬಿಸಿಲನ್ನು ಸೋಸಿತು, ಗಾಳಿಗೆ ಜೊಂಡು ಎರಡಾಗಿ ಬಾಗಿತು, ನೂರಾರು ಬಾತುಗಳು ಒಟ್ಟಿಗೇ ಎದ್ದವು. ಸಾಹೇಬರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಫೋಟೋ ತೆಗೆಯುತ್ತ ಹಿಂದೆ ಹಿಂದೆ ಸರಿದರು.

“ಕಾಲು ಸಾರ್, ಕಾಲು.”

“ಹಾವಾ?”

“ಮೊಟ್ಟೆ.”

“ಎಲ್ಲಿ? ಕಲ್ಲಲ್ವಾ ಇದು?” ಒಂದೇ ಕಾಲಲ್ಲಿ ನಿಂತು ಸಾಹೇಬರು ತೀರ್ಪು ಕೊಟ್ಟರು. “ಇದಕ್ಕೆ ಹತ್ತಕ್ಕೆ ಹತ್ತು. ಇಷ್ಟು ವರ್ಷ ಐದು ಹಾಕಿದೀರಲ್ಲ, ಕಣ್ಣು ತೋರಿಸ್ಕೊಳಿ ಮೇಡಂ.”

“ಹತ್ತು ಹಾಕಿದ್ರೆ ಇಲ್ಲೂ ಕಟ್ತಾರೆ ಸಾರ್. ಈ ಮೊಟ್ಟೆ ಉಳಿಯಲ್ಲ.”

“ಕಟ್ಟೋದು ಬೇರೆ ವಿಭಾಗ. ನಾನು ಸುಳ್ಳು ಬರೆಯೋನಲ್ಲ.”

ಸತ್ಯವಂತರ ಜೊತೆ ಇದೇ ಪಜೀತಿ. ಅವರ ಸತ್ಯದ ಸುಂಕ ಇನ್ನೊಬ್ಬರು ಕಟ್ಟಬೇಕು.

ಮನೆಗೆ ಬಂದು ಐದಮ್ಮ ಲೆಕ್ಕ ಹಾಕಿದಳು. ಅವರ ಹತ್ತಕ್ಕೆ ಅವಳದು ಒಂದೇ ಅಂಕ ಸೇರಿದರೂ ಸರಾಸರಿ ಐದೂವರೆ, ಅರ್ಧವನ್ನು ಮೇಲಕ್ಕೆತ್ತಿ ಆರು ಮಾಡುವುದು ಇಲಾಖೆಯ ಔದಾರ್ಯ. ಉಳಿದ ದಾರಿ ಸೊನ್ನೆ.

“ಸೊನ್ನೆಗೆ ಕಾರಣ ಬರೀಬೇಕಂತೆ, ಹತ್ತು ಸಾಲು,” ಎಂದಳು.

ಅಕ್ಕ ದರ್ಜಿ. ಯಾರದೋ ಪ್ಯಾಂಟಿನ ಅಂಚು ಹೊಲಿಯುತ್ತಿದ್ದವಳು ತಲೆಯೆತ್ತಲಿಲ್ಲ. “ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ. ನೀನು ನೋಡಿದ್ರೆ ಮುದ್ದಿನ ಮಗೂನೇ ಹೆಗ್ಗಣ ಅಂತ ಬರ್ಕೊಡ್ತಿದೀಯ.”

“ನೀನು ಹೇಳು, ನಾನು ಬರ್ಕೋತೀನಿ. ಬೈದು ಅಭ್ಯಾಸ ಇರೋಳು ನೀನು.”

“ಬರ್ಕೋ. ನೀರು ಒದ್ದೆ. ಹಕ್ಕಿಗಳಿಗೆ ಶ್ರುತಿ ಇಲ್ಲ. ಆಕಾಶ ಒಂದು ಕಡೆ ಇಳಿಬಿದ್ದಿದೆ, ಹಿಡಿದು ಹೊಲೀಬೇಕು.”

“ಅಕ್ಕ.”

“ಯಾಕೆ, ಸಾಹೇಬ್ರು ಬಂದು ಅಳತೆ ತಗೋತಾರಾ?”

ಒಂಬತ್ತು ಸಾಲು ನಗುನಗುತ್ತಲೇ ಮುಗಿದವು. ಹತ್ತನೆಯದಕ್ಕೆ ಪೆನ್ನು ನಿಂತಿತು. ‘ಇಲ್ಲಿ ಉಳಿಸಿಕೊಳ್ಳುವಂಥ ಚೆಲುವೇನೂ ಇಲ್ಲ’ ಎಂದು ಬರೆಯುವಾಗ ಐದಮ್ಮನ ಕೈಬರಹ ಕೆಟ್ಟಿತು. ಅಕ್ಕ ಏನೂ ಕಾಣದವಳಂತೆ ದಾರವನ್ನು ಹಲ್ಲಿನಿಂದ ಕಡಿದಳು.

ಸಾಹೇಬರು ಕೂಡಿಸಿದರು, ಐದೇ ಬಂತು. ಪ್ರಾಮಾಣಿಕರಾದ್ದರಿಂದ ತಿದ್ದಲಿಲ್ಲ. ನಿಯಮ ಹುಡುಕಿದರು, ಸಿಕ್ಕಿತು. ಸೊನ್ನೆ ಕೊಟ್ಟ ರಕ್ಷಕರನ್ನು ಮೂರು ದಿನದ ಸೌಂದರ್ಯಾಭಿರುಚಿ ತರಬೇತಿಗೆ ಕಳಿಸತಕ್ಕದ್ದು. ಉತ್ತೀರ್ಣರಾದವರು ತಮ್ಮ ಅಂಕವನ್ನು ತಿದ್ದಿ ಬರೆಯತಕ್ಕದ್ದು. ಆಗದವರ ಸೇವಾಪುಸ್ತಕದಲ್ಲಿ ‘ಅಭಿರುಚಿ ಇಲ್ಲ’ ಎಂದು ಕೆಂಪು ಶಾಯಿಯಲ್ಲಿ ನಮೂದಿಸತಕ್ಕದ್ದು.

ತರಬೇತಿ ನಡೆದದ್ದು ಹೋಟೆಲಿನ ಸಭಾಂಗಣದಲ್ಲಿ. ನಿಸರ್ಗ ಚೆನ್ನಾಗಿ ಕಾಣಲೆಂದು ಕಿಟಕಿಗಳ ಪರದೆ ಎಳೆದಿದ್ದರು. ಕೊನೆಯ ದಿನ ತರಬೇತುದಾರರು ಗೋಡೆಯ ಮೇಲೆ ಸಾಹೇಬರು ತೆಗೆದ ಫೋಟೋ ಬಿಟ್ಟರು. ಸೋಸಿದ ಬಿಸಿಲು, ಬಾಗಿದ ಜೊಂಡು, ಏಳುತ್ತಿರುವ ಬಾತುಗಳು. ಸಾಲಿನಲ್ಲಿದ್ದವರೆಲ್ಲ ಒಬ್ಬರಾದ ಮೇಲೊಬ್ಬರು ಅದ್ಭುತವೆಂದರು.

ಐದಮ್ಮ ಸುಮ್ಮನೆ ನೋಡುತ್ತಿದ್ದಳು. ಹದಿನೈದು ವರ್ಷ ಆ ದಡದ ಮೇಲೆ ತಲೆಯೆತ್ತಿ ನಡೆದವಳಲ್ಲ. ಕಾಲಡಿ ಮೊಟ್ಟೆಯಿದೆಯೇ ಎಂದು ಕಣ್ಣನ್ನು ನೆಲಕ್ಕೆ ನೆಟ್ಟುಕೊಂಡೇ ತಿರುಗಿದವಳು. ಇಡೀ ಕೆರೆಯನ್ನು ಒಂದೇ ನೋಟಕ್ಕೆ ಕಂಡದ್ದು ಇದೇ ಮೊದಲು.

“ಏನನ್ನಿಸ್ತಿದೆ ಹೇಳಿ ಮೇಡಂ,” ಎಂದರು ತರಬೇತುದಾರರು.

“ಏನೂ ಇಲ್ಲ ಸಾರ್. ಇನ್ನೊಂದ್ಸಲ ತೋರಿಸ್ತೀರಾ? ಏನಾದ್ರೂ ಅನ್ನಿಸಿದ್ರೂ ಅನ್ನಿಸ್ಬಹುದು.”

ತರಬೇತುದಾರರು ತಾಳ್ಮೆಯವರು. ಮೂರು ಸಲ ತೋರಿಸಿದರು. ಮೂರು ಸಲವೂ ಅವಳು ಕಣ್ತುಂಬ ನೋಡಿ ಅನುತ್ತೀರ್ಣಳಾದಳು.