ಮೂರನೇ ಪೆಡಲು

"ಇಳಿಸು... ಇನ್ನೊಂಚೂರು ಇಳಿಸು... ಸಾಕು! ಸಾಕು ಅಂದ್ನಲ್ಲ, ಕಿವಿಗೂ ವೆಲ್ಡಿಂಗ್ ಹೊಡ್ಕೊಂಡಿದೀಯಾ?"

ಕಾರಿನಡಿಯಿಂದ ಬಂದ ಕೂಗಿಗೆ ವೆಲ್ಡರು ಜ್ಯಾಕಿನ ಹಿಡಿ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಎಳೆಗರುವಿನಷ್ಟು ತೂಕದ ಗೇರ್‌ಬಾಕ್ಸು ಎಂಜಿನ್ನಿನ ಬೆನ್ನಿನಿಂದ ಒಂದು ಗೇಣು ಕಳಚಿಕೊಂಡು, ಅರ್ಧ ಜ್ಯಾಕಿನ ಮೇಲೆ, ಅರ್ಧ ಗೇರಮ್ಮನ ತೋಳಿನ ಮೇಲೆ ನಿಂತಿತು. ಮಲಗಿದಲ್ಲಿಂದಲೇ ತಲೆ ಹೊರಳಿಸಿ ಅವಳು ಆ ಸಂದಿಯೊಳಗೆ ನೋಡಿದಳು. ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಮೂರು ವಾರ ಕಳೆದರೂ ಹೋಗದ ವಾಸನೆ.

"ಬಂತಾ?" ಎಂದ ಅಣ್ಣ.

"ಬರ್ತಿದೆ."

"ಕ್ಲಚ್ಚು ಹೇಗಿದೆ?"

"ಕತ್ತಲು. ಕಾಣಲ್ಲ," ಎಂದಳು. ಹಣೆಗೆ ಕಟ್ಟಿಕೊಂಡ ದೀಪ ನೇರ ಕ್ಲಚ್ಚಿನ ಮೇಲೇ ಬಿದ್ದಿತ್ತು.

ಆ ಬೀದಿಯಲ್ಲಿ ಎಲ್ಲರಿಗೂ ಅವಳು ಗೇರಮ್ಮ. ಇಪ್ಪತ್ತೆರಡು ವರ್ಷದಿಂದ ಗೇರ್‌ಬಾಕ್ಸು ಬಿಚ್ಚಿ ಕಟ್ಟುವುದೊಂದೇ ಕಸುಬು. ಮಿಕ್ಕ ಗ್ಯಾರೇಜಿನವರು ಕೈಚೆಲ್ಲಿದ್ದೆಲ್ಲ ಕೊನೆಗೆ ಅವಳ ತಗಡಿನ ಶೆಡ್ಡಿಗೇ ಬಂದು ಬೀಳುತ್ತಿತ್ತು. ಅಣ್ಣನಿಗೆ ಗಾಳಿ ಎಂದು ಹೆಸರು ಬಿದ್ದದ್ದು ಅದಕ್ಕೂ ಹಿಂದೆ. ಊರಾಚೆ, ವಿಮಾನಗಳು ಮರೆತುಹೋದ ಹಳೇ ರನ್‌ವೇ ಒಂದಿದೆ. ತಿಂಗಳ ಕೊನೇ ಭಾನುವಾರ ಅಲ್ಲಿ ಎರಡೆರಡು ಕಾರುಗಳನ್ನು ಪಕ್ಕಪಕ್ಕ ನಿಲ್ಲಿಸಿ ಓಡಿಸುತ್ತಾರೆ, ಗಡಿಯಾರ ಹಿಡಿದು ಅಳೆಯುತ್ತಾರೆ. ಅಲ್ಲಿಗಾಗಿಯೇ ಅಣ್ಣತಂಗಿ ಸೇರಿ ಈ ಎರಡು ಬಾಗಿಲಿನ ಹಳೇ ಕಾರನ್ನು ಕಟ್ಟಿದ್ದರು. ಎಂಜಿನ್ನಿಗೆ ಹುಟ್ಟಿನಿಂದ ಬಂದದ್ದರ ಎರಡರಷ್ಟು ಶಕ್ತಿ ತುಂಬಿದ್ದರು. ತಂಗಿ ಕಟ್ಟುವುದು, ಅಣ್ಣ ಓಡಿಸುವುದು. ಮುರಿಯುವುದು ಅಣ್ಣ, ಮತ್ತೆ ಕಟ್ಟುವುದು ತಂಗಿ. ಈ ಗೇರ್‌ಬಾಕ್ಸನ್ನು ಅವಳು ಇಳಿಸುತ್ತಿದ್ದದ್ದು ಹದಿನಾಲ್ಕನೇ ಸಲವೋ ಹದಿನೈದನೇ ಸಲವೋ, ಲೆಕ್ಕ ತಪ್ಪಿತ್ತು.

ಈ ಸಲ ಇಳಿಸುವುದು ಮತ್ತೆ ಏರಿಸುವುದಕ್ಕಲ್ಲ. ಟೈರುಗಳ ರಾಶಿಯ ಮೇಲೆ ಎಡಗಾಲು ಚಾಚಿ ಕೂತಿದ್ದ ಅಣ್ಣನ ಪಕ್ಕದಲ್ಲಿ, ರಟ್ಟಿನ ಮೇಲೆ, ಒರೆಸಿ ಹೊಳೆಯುವಂತೆ ಮಾಡಿದ ಆಟೋಮ್ಯಾಟಿಕ್ ಗೇರ್‌ಬಾಕ್ಸು ಬಿದ್ದಿತ್ತು. ಹಳೇ ಕಾರು ಒಡೆಯುವವರ ಅಂಗಳದಲ್ಲಿ ಹುಡುಕಿ ಅವನೇ ತಂದದ್ದು.

"ಗಾಳಿಯಣ್ಣ," ಎಂದ ವೆಲ್ಡರು, "ನೀನೇ ತಾನೆ ಹೇಳ್ತಿದ್ದೆ? ಆಟೋಮ್ಯಾಟಿಕ್ ಓಡಿಸೋದು ಅಂದ್ರೆ ಲಿಫ್ಟಲ್ಲಿ ನಿಂತ್ಕೊಂಡು ಬೆಟ್ಟ ಹತ್ತಿದೆ ಅಂದ ಹಾಗೆ ಅಂತ?"

"ಹೇಳಿದ್ದೆ. ಈಗ ಲಿಫ್ಟ್ ಬೇಕಾಗಿದೆ."

"ಎರಡೇ ಪೆಡಲು ಇರೋದು ಆಟದ ಕಾರಿಗೆ ಅಂತಲೂ ಹೇಳಿದ್ದೆ."

"ನಾಲಿಗೆಗೆ ಮೊಣಕಾಲಿಲ್ಲ ಮಾರಾಯ, ಅದು ಹೇಳುತ್ತೆ. ಆ ಹಲ್ಲಿನ ಡಾಕ್ಟ್ರು ಎರಡು ಪೆಡಲಲ್ಲೇ ನನ್ನ ಎಲ್ಲ ಹಲ್ಲೂ ಕಿತ್ತು ಕೈಗೆ ಕೊಟ್ನಲ್ಲ."

ವೆಲ್ಡರು ನಕ್ಕ. ಅಣ್ಣನೂ ನಕ್ಕ. ಗೇರಮ್ಮ ನಗಲಿಲ್ಲ. ಮೂರು ವಾರದ ಹಿಂದಿನ ಓಟದಲ್ಲಿ, ಆಟೋಮ್ಯಾಟಿಕ್ ಕಾರು ತಂದಿದ್ದ ಹಲ್ಲಿನ ಡಾಕ್ಟರು ಗೆದ್ದದ್ದು ಒಂದೂವರೆ ಸೆಕೆಂಡಿನಿಂದ. ರನ್‌ವೇ ಮೇಲೆ ಒಂದೂವರೆ ಸೆಕೆಂಡು ಅಂದರೆ ಸೋಲಲ್ಲ, ಮರ್ಯಾದೆ ಹೋಗುವುದು. ಅವತ್ತು ಅಣ್ಣ ಕಾರಿನಿಂದಿಳಿದು, ಯಾರನ್ನೂ ಬೈಯದೆ, "ಕಾಲು ಪೆಡಲಿಂದ ಪೂರ್ತಿ ಮೇಲೆ ಬರ್ತಿಲ್ಲ ಕಣೇ. ಅರ್ಧ ತುಳಿದೇ ಓಡಿಸ್ತಿದೀನಿ. ಮುಗೀತು ನಂದು," ಎಂದಿದ್ದ. ಅವಳು ಆಗಲೇ ಬಾಯಿಬಿಟ್ಟಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಮೂರು ವಾರ ಹೊಟ್ಟೆಯಲ್ಲಿಟ್ಟುಕೊಂಡ ಮಾತು ಈಗ ಗೇರ್‌ಬಾಕ್ಸಿಗಿಂತ ಭಾರವಾಗಿತ್ತು.

ಯಾಕೆಂದರೆ ಕಾಲು ಸರಿಯಾಗಿಯೇ ಮೇಲೆ ಬರುತ್ತಿತ್ತು. ಜಾರುತ್ತಿದ್ದದ್ದು ಕ್ಲಚ್ಚು.

ಐದು ತಿಂಗಳ ಹಿಂದೆ ಅತ್ತಿಗೆ ಮೊಣಕಾಲಿನ ಎಕ್ಸ್‌ರೇ ಹಿಡಿದುಕೊಂಡು ಇದೇ ಶೆಡ್ಡಿಗೆ ಬಂದಿದ್ದಳು. ಔಷಧಿ ಅಂಗಡಿಯವಳು, ಮಾತು ಗುಳಿಗೆಯ ಹಾಗೆ ಎಣಿಸಿ ಕೊಡುವವಳು. "ಓಡಿಸಬೇಡ ಅಂದ್ರೆ ಕೇಳಲ್ಲ. ಆ ಪೆಡಲನ್ನಾದ್ರೂ ಹಗುರ ಮಾಡು. ಅವರಿಗೆ ಹೇಳಬೇಡ, ಹೇಳಿದ್ರೆ ಬಿಚ್ಚಿಸ್ತಾರೆ," ಎಂದಿದ್ದಳು. ಮಾಡುವುದು ಕಷ್ಟವೇನಲ್ಲ. ಕ್ಲಚ್ಚಿನೊಳಗೆ ಒಂದು ಸ್ಪ್ರಿಂಗಿರುತ್ತದೆ. ಅದು ಗಟ್ಟಿಯಿದ್ದಷ್ಟೂ ಎಂಜಿನ್ನಿನ ಶಕ್ತಿಯನ್ನು ಬಿಗಿಯಾಗಿ ಹಿಡಿಯುತ್ತದೆ, ತುಳಿಯುವ ಕಾಲನ್ನು ಅಷ್ಟೇ ಹಿಂಡುತ್ತದೆ. ಮೆತ್ತಗಿದ್ದರೆ ಕಾಲಿಗೆ ಸುಖ, ಹಿಡಿತ ಕಡಿಮೆ. ಗೇರಮ್ಮ ಕೂತು ಲೆಕ್ಕ ಹಾಕಿದಳು. ಕಾರಿಗೆ ಆಗ ಇದ್ದ ಶಕ್ತಿಗೆ ಮೆತ್ತನೆಯದೂ ಸಾಲುತ್ತಿತ್ತು, ಕೂದಲೆಳೆಯಷ್ಟು ಉಳಿಯುತ್ತಿತ್ತು ಕೂಡ. ಅಣ್ಣ ಊರಲ್ಲಿಲ್ಲದ ಎರಡು ದಿನ ನೋಡಿ ಬದಲಾಯಿಸಿಬಿಟ್ಟಳು.

ವಾರ ಕಳೆಯುವುದರೊಳಗೆ ಅಣ್ಣ ಶೆಡ್ಡಿಗೆ ಬಂದು ಮೊಣಕಾಲು ತಟ್ಟಿ ತೋರಿಸಿದ. "ವ್ಯಾಯಾಮ ಅಂದ್ರೆ ಏನು ಅಂದ್ಕೊಂಡಿದೀಯ? ಪೆಡಲು ಬೆಣ್ಣೆ ತುಳಿದ ಹಾಗಿದೆ ಈಗ!" ಅತ್ತಿಗೆ ನಾದಿನಿ ಇಬ್ಬರೂ ಮುಖ ಬೇರೆ ಕಡೆ ತಿರುಗಿಸಿಕೊಂಡು ನಕ್ಕಿದ್ದರು. ನಗು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಕಾಲು ವಾಸಿಯಾದ ಹುಮ್ಮಸ್ಸಿನಲ್ಲಿ ಅಣ್ಣ ಇನ್ನೊಂದು ಗ್ಯಾರೇಜಿಗೆ ಹೋಗಿ ಎಂಜಿನ್ನಿನ ಶಕ್ತಿಯನ್ನು ಇನ್ನಷ್ಟು ಏರಿಸಿಕೊಂಡು ಬಂದ. ಕೂದಲೆಳೆ ಹರಿದುಹೋಯಿತು. ಅವಳಿಗೆ ಗೊತ್ತಾಯಿತು. ಹೇಳಲು ಹೋದರೆ ಮೊದಲಿನದನ್ನೂ ಹೇಳಬೇಕಿತ್ತು. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡಳು, ಆಮೇಲೆ ಅದರ ಮುಂದಿನ ವಾರ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವೇ ಡೊಂಕಾಗಿತ್ತು, ಕುಣಿಯುವವನು ತನ್ನ ಕಾಲೇ ಡೊಂಕು ಅಂದುಕೊಂಡ.

ಗೇರ್‌ಬಾಕ್ಸು ಕೆಳಗಿಳಿಯಿತು. ಗೇರಮ್ಮ ಅದನ್ನು ಹೊರಗೆ ನೂಕಿ, ತೆವಳಿಕೊಂಡು ಬಂದು, ಗೋಡೆಗೊರಗಿ ಕೂತಳು. ನಲವತ್ತಾರು ವರ್ಷದ ಬೆನ್ನು, ಎದ್ದು ನಿಲ್ಲುವ ಮೊದಲು ಅನುಮತಿ ಕೇಳುತ್ತಿತ್ತು. ವೆಲ್ಡರು ಚಹಾ ತರುತ್ತೇನೆಂದು ಹೋದ. ಅಣ್ಣ ಏಳಲು ನೋಡಿದ.

"ಕೂತ್ಕೋ. ಎಲ್ಲೆಲ್ಲೂ ಎಣ್ಣೆ. ಜಾರಿ ಬಿದ್ರೆ ಇನ್ನೊಂದು ಕಾಲೂ ಹೋಗುತ್ತೆ."

"ಕ್ಲಚ್ಚು ಒಂದ್ಸಲ ನೋಡ್ತೀನಿ."

"ನೋಡೋದೇನಿದೆ? ಆಟೋಮ್ಯಾಟಿಕ್‌ಗೆ ಕ್ಲಚ್ಚು ಬೇಕಾ?"

"ಬೇಡ. ಇಷ್ಟು ವರ್ಷ ತುಳಿದಿದೀನಲ್ಲ. ಮುಖ ನೋಡಿ ಕಳಿಸೋಣ."

ಅಷ್ಟರಲ್ಲಿ ಅತ್ತಿಗೆ ಬಂದಳು, ಮಧ್ಯಾಹ್ನದ ಬಿಡುವಿನಲ್ಲಿ, ಅಂಗಡಿಯ ಬಿಳಿ ಕೋಟಿನಲ್ಲೇ. ಊಟದ ಡಬ್ಬಿಯನ್ನು ಬೆಂಚಿನ ಮೇಲಿಟ್ಟು, ಗಂಡನನ್ನು ಕೈ ತೊಳೆದುಕೊಂಡು ಬನ್ನಿ ಎಂದು ಹಿಂದಿನ ನಲ್ಲಿಗೆ ಅಟ್ಟಿದಳು. ಅವನು ಗೋಡೆ ಹಿಡಿದು ಹಿಡಿದು ಹೋದ. ಅವನ ಬೆನ್ನು ಮರೆಯಾದ ಮೇಲೆ ಅತ್ತಿಗೆ ಬಗ್ಗಿ ಪಿಸುಗುಟ್ಟಿದಳು.

"ಹೇಳಿದೆಯಾ?"

"ಇಲ್ಲ."

"ಹೇಳಬೇಡ. ಎಷ್ಟು ಚೆನ್ನಾಗಿ ಕೂಡಿಬಂತು ನೋಡು. ಅವರಾಗೇ ಆಟೋಮ್ಯಾಟಿಕ್ ಬೇಕು ಅಂತಿದಾರೆ. ಕಾಲು ಉಳೀತು."

"ಅತ್ತಿಗೆ, ತನ್ನ ಓಟ ಮುಗೀತು ಅಂದ್ಕೊಂಡಿದಾನೆ ಅವನು."

"ಐವತ್ತೊಂದು ವರ್ಷ. ಇವತ್ತಲ್ಲ ನಾಳೆ ಅಂದ್ಕೊಳ್ಳೋದೇ."

"ಸುಳ್ಳನ್ನ ನಂಬಿ ಅಂದ್ಕೊಳ್ಳೋದು ಬೇರೆ."

"ನೀನು ಊಟ ಮಾಡು. ಹಸಿದಾಗ ಎಲ್ಲರೂ ಹರಿಶ್ಚಂದ್ರರೇ," ಎಂದಳು ಅತ್ತಿಗೆ. ದನಿಯಲ್ಲಿ ಕೋಪವಿರಲಿಲ್ಲ. ಅವಳೂ ದಣಿದಿದ್ದಳು. ಮೂವತ್ತು ವರ್ಷ ಭಾನುವಾರಗಳಲ್ಲಿ, ನೋಡುವವರಿಗೆಂದು ರನ್‌ವೇ ಅಂಚಿಗೆ ಕಟ್ಟಿದ ಹಗ್ಗದ ಈಚೆ ನಿಂತು ಉಸಿರು ಹಿಡಿದವಳು.

ಗೇರಮ್ಮ ನಲ್ಲಿಯ ಕಡೆ ನೋಡಿದಳು. ಕ್ಲಚ್ಚನ್ನು ಬಿಚ್ಚಿ ಗುಜರಿ ಡಬ್ಬಕ್ಕೆ ಹಾಕಲು ನಾಲ್ಕು ನಿಮಿಷ ಸಾಕು. ನಲ್ಲಿಯ ಸದ್ದು ಇನ್ನೂ ಬರುತ್ತಿತ್ತು. ಅಣ್ಣ ಆಟೋಮ್ಯಾಟಿಕ್ ಓಡಿಸುತ್ತಾನೆ. ಪಾಪ, ಕಾಲು ಹೋಯಿತು, ಆದರೂ ಬಿಡಲಿಲ್ಲ ನೋಡಿ ಎಂದು ಜನ ಬೆನ್ನು ತಟ್ಟುತ್ತಾರೆ. ಅವನು ಅದನ್ನು ಕೇಳಿಸಿಕೊಂಡು ನಗುತ್ತಾನೆ. ಆ ನಗುವನ್ನು ಅವಳು ಪ್ರತಿ ತಿಂಗಳೂ ನೋಡಬೇಕು. ಅವಳು ಎದ್ದು, ಮತ್ತೆ ಕಾರಿನಡಿಗೆ ತೆವಳಿ, ಆರು ಬೋಲ್ಟು ಬಿಚ್ಚಿ ಕ್ಲಚ್ಚನ್ನು ಹೊರತಂದಳು. ಡಬ್ಬದ ಕಡೆಗೆ ಹೋಗಲಿಲ್ಲ. ಒದ್ದೆ ಕೈ ಒರೆಸಿಕೊಳ್ಳುತ್ತ ಬಂದ ಅಣ್ಣನ ಮುಂದೆ, ಬೆಂಚಿನ ಮೇಲೆ ಇಟ್ಟಳು.

ಕಾವಿಗೆ ನೀಲಿಯಾದ ಉಕ್ಕು. ಅಂಚಿನಲ್ಲಿ ಹಳದಿ ಬಣ್ಣದ ಗೆರೆ. ಗಟ್ಟಿ ಸ್ಪ್ರಿಂಗಿನದಕ್ಕೆ ಕೆಂಪು ಗೆರೆ ಇರುತ್ತದೆ ಎಂದು ಅಣ್ಣನಿಗೆ ಗೊತ್ತಿತ್ತು.

"ಇದು ನಮ್ಮದಲ್ಲ," ಎಂದ.

"ನಮ್ಮದೇ. ನಾನೇ ಹಾಕಿದ್ದು. ಮೆತ್ತನೆಯದು."

"ನಾನು ಹೇಳಿ ಹಾಕಿಸಿದ್ದು," ಎಂದಳು ಅತ್ತಿಗೆ ತಕ್ಷಣ. ಗೇರಮ್ಮ ಅವಳ ಕಡೆ ನೋಡಿದಳು. ಅತ್ತಿಗೆ ಡಬ್ಬಿಯ ಮುಚ್ಚಳ ತೆರೆಯುವುದರಲ್ಲೇ ಇದ್ದಳು.

ಗೇರಮ್ಮ ಎಲ್ಲವನ್ನೂ ಹೇಳಿದಳು. ಎಕ್ಸ್‌ರೇ, ಎರಡು ದಿನ, ಲೆಕ್ಕ, ಹರಿದುಹೋದ ಕೂದಲೆಳೆ. ಅಣ್ಣ ಒಂದು ಸ್ಪಾನರು ತೆಗೆದು ಗೋಡೆಗೆ ಬೀಸಿದ್ದರೆ ಅವಳಿಗೆ ಉಸಿರು ಸಲೀಸಾಗುತ್ತಿತ್ತು. ಅವನು ಬೆರಳಿನಿಂದ ನೀಲಿ ಕಲೆಯನ್ನು ಉಜ್ಜುತ್ತಿದ್ದ.

"ಹಾಗಾದ್ರೆ ಮೊಣಕಾಲು ವಾಸಿಯಾಗಿರಲಿಲ್ಲ," ಎಂದ.

ಗೇರಮ್ಮ ಕ್ಲಚ್ಚನ್ನು ತನ್ನ ಕಡೆಗೆ ಎಳೆದುಕೊಂಡಳು.

"ನಿನ್ನ ಕೈಚಳಕ ಹೋಗಿಲ್ಲ ಅಣ್ಣ, ಅದನ್ನ ಹೇಳೋಕೆ ಹೇಳಿದೆ. ಸೋತದ್ದು ನಾನು, ನೀನಲ್ಲ. ಗಟ್ಟಿದು ಶೆಲ್ಫಲ್ಲೇ ಇದೆ. ಸಂಜೆಯೊಳಗೆ ಮ್ಯಾನುಯಲ್ಲೇ ವಾಪಸ್ ಕಟ್ತೀನಿ. ನೋವಾಗುತ್ತೆ, ಆದ್ರೆ ಆ ಡಾಕ್ಟ್ರನ್ನ—"

"ನಾಲ್ಕು ಭಾನುವಾರ ಓಡಿಸಿದೆ ಕಣೇ," ಎಂದ ಅಣ್ಣ ನಡುವೆಯೇ. "ಪೆಡಲು ಹಗುರಾದ್ರೆ ಕಾಲು ಸರಿಹೋಯ್ತು ಅಂದ್ಕೊಂಡೆ. ಕ್ಲಚ್ಚು ಜಾರಿದ್ರೆ ಕಾಲು ಕೆಟ್ಟೋಯ್ತು ಅಂದ್ಕೊಂಡೆ. ಒಂದ್ಸಲನಾದ್ರೂ, ಇದು ನಾನಲ್ಲ, ಕಾರು ಅಂತ ಅನ್ನಿಸಲೇ ಇಲ್ಲ. ಮೊದಲು ಪಕ್ಕದ ಬೀದೀಲಿ ಹೋಗೋ ಕಾರಿನ ಕ್ಲಚ್ಚು ಜಾರಿದ್ರೂ ಹೇಳ್ತಿದ್ದೆ."

"ಎಲ್ಲರಿಗೂ ಆಗುತ್ತೆ."

"ಎಲ್ಲರಿಗೂ ಆಗುತ್ತೆ. ಅದಕ್ಕೇ ಎಲ್ಲರೂ ಹಗ್ಗದ ಆಚೆ ನಿಂತು ನೋಡ್ತಾರೆ."

ಚಹಾದ ಲೋಟಗಳನ್ನು ಹಿಡಿದು ಬಂದ ವೆಲ್ಡರು ಬಾಗಿಲಲ್ಲೇ ನಿಂತ. ಮಾತು ಯಾವ ಗೇರಿನಲ್ಲಿದೆ ಎಂದು ಅವನಿಗೆ ತಿಳಿಯಲಿಲ್ಲ.

ಅಣ್ಣ ಬೆಂಚು ಬಿಟ್ಟು ಕಾರಿನ ಹತ್ತಿರ ಹೋದ. ಸ್ಟ್ಯಾಂಡುಗಳ ಮೇಲೆ ನಿಂತಿದ್ದ ಕಾರಿನ ಬಾಗಿಲು ತೆರೆದು, ಒಳಗೆ ಬಗ್ಗಿ, ಡ್ರೈವರ್ ಸೀಟಿನ ಕೆಳಗಿನ ಹಿಡಿ ಎಳೆದ. ಎಂಟು ವರ್ಷದಿಂದ ಅವನ ಉದ್ದಕ್ಕೆ ಕಚ್ಚಿ ಕೂತಿದ್ದ ಸೀಟು, ಕಿರ್ರೆಂದು ಪ್ರತಿಭಟಿಸಿ, ನಾಲ್ಕು ಹಲ್ಲು ಮುಂದಕ್ಕೆ ಜರುಗಿತು.

"ಮ್ಯಾನುಯಲ್ಲೇ ಇರಲಿ," ಎಂದ. "ಗಟ್ಟಿದನ್ನೇ ಹಾಕು. ಆ ಆಟೋಮ್ಯಾಟಿಕ್ಕು ಯಾರಿಗಾದ್ರೂ ಬೇಕಾಗುತ್ತೆ. ನೀನು ಓಡಿಸು."

"ಏನು?"

"ನಿನ್ನ ಕಾಲು ಚೆನ್ನಾಗಿದೆ. ರಿಪೇರಿ ಆದ್ಮೇಲೆ ಬೀದಿ ಸುತ್ತಿಸಿ ನೋಡೋದು ನೀನೇ ತಾನೆ? ಹಗ್ಗದ ಹತ್ತಿರ ನಿಂತೇ ಜಾರ್ತಿದೆ ಅಂತ ನಿಂಗೆ ಗೊತ್ತಿತ್ತು, ಒಳಗೆ ಕೂತ ನಂಗೆ ಗೊತ್ತಾಗಲಿಲ್ಲ. ಆ ಸೀಟು ಗೊತ್ತಾಗೋರದ್ದು. ಬಾ, ಅಳತೆ ನೋಡ್ಕೋ."

"ಗೇರಮ್ಮ ರನ್‌ವೇ ಮೇಲೆ!" ವೆಲ್ಡರು ಲೋಟಗಳನ್ನು ಬೆಂಚಿನ ಮೇಲಿಟ್ಟು ಚಪ್ಪಾಳೆ ತಟ್ಟಿದ. "ಡಾಕ್ಟ್ರಿಗೆ ಹಲ್ಲುನೋವು ಗ್ಯಾರಂಟಿ!"

ಅತ್ತಿಗೆಯ ಹೆಗಲು ಮೆಲ್ಲಗೆ ಕೆಳಗಿಳಿದದ್ದನ್ನು ಗೇರಮ್ಮ ನೋಡಿದಳು. ಗಂಡ ಕೊನೆಗೂ ಆ ಸೀಟು ಬಿಟ್ಟಿದ್ದ. ಶೆಡ್ಡಿನಲ್ಲಿ ಎಲ್ಲರಿಗೂ ಒಂದೊಂದು ಸಮಾಧಾನ ಸಿಕ್ಕಿತ್ತು. ಅಣ್ಣನ ಮುಖದಲ್ಲೂ ದಾನ ಮಾಡಿದವನ ಕಳೆ ಬರತೊಡಗಿತ್ತು, ಸೋತವನದಲ್ಲ. ಈಗ ಅವಳು ಹೋಗಿ ಕೂತರೆ ಸಾಕು, ಐದು ತಿಂಗಳ ಸುಳ್ಳು ಒಂದು ಒಳ್ಳೆಯ ಕಥೆಯಾಗಿ ಹೋಗುತ್ತಿತ್ತು. ತಂಗಿಗೆ ಸೀಟು ಬಿಟ್ಟುಕೊಟ್ಟ ಅಣ್ಣ. ಬೀದಿಯವರು ವರ್ಷಗಟ್ಟಲೆ ಹೇಳುತ್ತಿದ್ದರು.

ಅವಳು ಸೀಟಿನ ಕಡೆ ನೋಡಿದಳು. ಅದರ ಕೂರುವ ಜಾಗದಲ್ಲಿ ಅಣ್ಣನ ಸೊಂಟದ ಗುಂಡಿ ಇನ್ನೂ ಹಾಗೇ ಇತ್ತು. ಅವಳಿಗೆ ಮಲಗಬೇಕು ಅನ್ನಿಸಿತು, ಕಾರಿನಡಿಯಲ್ಲಲ್ಲ, ಹಾಸಿಗೆಯ ಮೇಲೆ, ಒಂದು ಇಡೀ ಭಾನುವಾರ. ಆ ಒಳ್ಳೆಯ ಕಥೆಗೆ ತನ್ನ ಭಾನುವಾರಗಳನ್ನು ಕೊಡಲು ಅವಳಿಗೆ ಮನಸ್ಸಿರಲಿಲ್ಲ.

"ಬಾರೇ," ಎಂದ ಅಣ್ಣ, ಬಾಗಿಲನ್ನು ಇನ್ನಷ್ಟು ಅಗಲಿಸಿ.

"ಕೂರಲ್ಲ."

"ಸುಮ್ನೆ ಅಳತೆಗೆ."

"ಅಳತೆಗೂ ಕೂರಲ್ಲ ಅಣ್ಣ. ಇವತ್ತೂ ಇಲ್ಲ, ಇನ್ಯಾವತ್ತೂ ಇಲ್ಲ. ನಂಗೆ ಬೇಡ."