ಅಂಗಳಕ್ಕೆ ಕಟ್ಟಿದ ದಾರ

ಕಾವಲಿಯ ಬಾಳೆಲೆಯ ಮೇಲೆ ಕಾಯಿಬೆಲ್ಲ ತುಂಬಿದ ಪುಟ್ಟ ಕಿಪೊ ಕಡುಬುಗಳು ಒಂದು ಮಗ್ಗುಲು ಬೆಂದಿದ್ದವು. ಸುತಾರ್ಮಿ ಅವನ್ನು ಒಂದೊಂದಾಗಿ ಮಗುಚುತ್ತಿದ್ದಳು. ಹೊರಗೆ ಗಂಡ ಹರ್ಜೊನೊ ಅಂಗಳಕ್ಕೆ ಅಡ್ಡಲಾಗಿ ದಾರ ಕಟ್ಟುತ್ತಿದ್ದ. ನಾಳೆ ಗಾರೆಯವರು ಬಂದು ಆ ದಾರದ ಗುಂಟ ಪಾಯ ತೋಡುತ್ತಾರೆ. ಗೋಡೆ, ಕಬ್ಬಿಣದ ಗೇಟು, ಅದರೊಳಗೆ ಮಗ ಬಗಸ್‌ಗೆ ಒಂದು ಕೋಣೆ. ಅವನ ಮದುವೆ ಹತ್ತಿರ ಬಂದಿತ್ತು. ಸೊಸೆಗೆ ಕೋಣೆ ಬೇಡವೇ?

ಆದರೆ ಕೊತಗೆದೆ ಊರಿನ ನಮ್ಮ ಓಣಿಯಲ್ಲಿ ದಾರಿ ಎಂದರೆ ಅಂಗಳಗಳೇ. ಒಬ್ಬರದು ಮುಗಿದಲ್ಲಿ ಇನ್ನೊಬ್ಬರದು ಶುರು. ಹಳೆಯ ಮರದ ಮನೆಗಳವರೆಲ್ಲ ತಂತಮ್ಮ ಜಾಗ ಬಿಟ್ಟುಕೊಟ್ಟಿರುವುದರಿಂದಲೇ ದಾರಿ ಇದೆ. ಸೈಕಲ್ಲಿನವರು ಕೂಡ ಇಳಿದು, ತಲೆ ತಗ್ಗಿಸಿ, ಮನೆಯವರ ಅಪ್ಪಣೆ ಕೇಳಿಯೇ ದಾಟುತ್ತಾರೆ.

ಪಕ್ಕದ ಮನೆಯ ರುಬಿನೆಂ ದಾರ ನೋಡಿ ನಿಂತಳು. ಭೂಕಂಪದಲ್ಲಿ ವಾಲಿದ ತನ್ನ ಮನೆಯನ್ನು ಅದೇ ಕಂಬಗಳ ಮೇಲೆ ಮತ್ತೆ ನಿಲ್ಲಿಸಿಕೊಂಡವಳು ಅವಳು.

"ಕೋಣೆ ಹಿಂದುಗಡೆ ಕಟ್ಕೊಳ್ಳೋ. ನಾನೂ ಹಂಗೇ ಮಾಡಿದ್ದು. ಸೂರು ಹಳೇದೇ ಇದೆ, ಒಳಗೆ ಬಚ್ಚಲು ಹೊಸದು."

"ಹಿಂದೆ ಜಾಗ ಎಲ್ಲಿದೆ ಅಕ್ಕ? ಸೊಸೇನ ಸೂರಿಗೆ ನೇತು ಹಾಕ್ಲಾ?"

"ನೀನು ಮುಚ್ಚಿದ್ರೆ ಆಚೆಮನೆಯವರೂ ಮುಚ್ತಾರೆ. ಅದೇ ಸೊಸೆಗೆ ಹೆರಿಗೆ ನೋವು ಬಂದಾಗ ಯಾರ ಅಂಗಳ ದಾಟಿಸ್ತೀಯ?"

"ನನ್ನ ಜಾಗ, ನನ್ನ ಗೋಡೆ." ಹರ್ಜೊನೊ ಗಂಟು ಬಿಗಿದ.

ಒಳಗೆ ಸುತಾರ್ಮಿ ಇನ್ನೊಂದು ಕಿಪೊ ಮಗುಚಿದಳು. ಹಿಂದೆ ಜಾಗವಿಲ್ಲ ಎಂಬುದು ಪೂರ್ತಿ ನಿಜವಲ್ಲ. ಅಲ್ಲಿ ಅವಳ ಅಡುಗೆಮನೆಯಿತ್ತು. ಅವಳನ್ನು ಯಾರೂ ಕೂಗದೆ ಬಿಡುತ್ತಿದ್ದ ಒಂದೇ ಮೂಲೆ ಅದು.

ಅಷ್ಟರಲ್ಲಿ ವಗಿಯೆಂ ಅಜ್ಜಿ ಬಂದಳು. ಕಣ್ಣು ಕಾಣದ ಅವಳು ಜಗಲಿಗಳನ್ನು ಸವರುತ್ತಲೇ ಮನೆಮನೆಗೆ ಹೋಗಿ ಬಾಣಂತಿಯರ ಮೈ ನೀವುವವಳು. ಅವಳ ಕೈಗೆ ದಾರ ತಗುಲಿತು. ಕೈ ಹಿಂದೆಳೆದುಕೊಂಡು ಅಲ್ಲೇ ನಿಂತಳು.

"ದಾರಿ ತಪ್ಪಿದೆ ಅನ್ಸುತ್ತೆ," ಎಂದಳು ಯಾರಿಗೋ. "ಇದು ಹರ್ಜೊನೊ ಮನೆ ಅಂದ್ಕೊಂಡಿದ್ದೆ."

ಅಜ್ಜಿ ಹಿಂದಕ್ಕೆ ತಿರುಗಿದಳು.

"ಇದೇ ಮನೆ, ಅಜ್ಜಿ," ಎಂದ ಹರ್ಜೊನೊ. ಬಿಗಿದ ಗಂಟು ಬಿಚ್ಚಲು ಅವನಿಗೆ ಹೊತ್ತು ಹಿಡಿಯಿತು. ಕೈ ಹಿಡಿದು ಅವಳನ್ನು ದಾಟಿಸಿ ಒಳಗೆ ಬಂದವನು ದಾರದ ಉಂಡೆಯನ್ನು ನೆಲಕ್ಕೆ ಹಾಕಿದ. "ಗೋಡೆ ಬೇಡ, ಸರಿ. ಹುಡುಗನ್ನ ಎಲ್ಲಿ ಮಲಗಿಸ್ಲಿ?"

ಸುತಾರ್ಮಿ ಬಿಸಿ ಕಿಪೊ ಅವನ ಮುಂದಿಟ್ಟಳು. ಒಲೆಯನ್ನೊಮ್ಮೆ ನೋಡಿದಳು. ಅದನ್ನು ಬಾವಿಯ ಪಕ್ಕದ ಸೂರಿನಡಿಗೆ ಸಾಗಿಸಿದರೆ ಅಡುಗೆಮನೆಯೇ ಹುಡುಗನ ಕೋಣೆಯಾಗುತ್ತದೆ. ಬಾಯಿಬಿಟ್ಟು ಏನೂ ಹೇಳಲಿಲ್ಲ.

ಅಕ್ಕತಂಗಿಯರೇ, ಮನೆ ದೊಡ್ಡದು ಮಾಡಬೇಡಿ ಎನ್ನುತ್ತಿಲ್ಲ. ದಾರ ಕಟ್ಟುವ ಮೊದಲು ಒಂದು ಬೆಳಿಗ್ಗೆ ಅಂಗಳದಲ್ಲಿ ಕೂತು, ಯಾರೆಲ್ಲ ದಾಟುತ್ತಾರೆ ನೋಡಿ. ಹೊಸ ಕೋಣೆ ಹಳೆಯ ಸೂರಿನ ಮರೆಯಲ್ಲಿ ಏಳಲಿ. ಓಣಿಯನ್ನು ಉಳಿಸುವ ಭಾರ ಮಾತಾಡದವಳೊಬ್ಬಳ ಮೇಲೇ ಬೀಳದಂತೆ, ಮನೆಯವರೆಲ್ಲ ಕೂತು ಮಾತಾಡಿ.